ಅಮೆರಿಕದ ನಿಸರ್ಗಚಿತ್ರದ ಹಿಂದಿರುವ ಗ್ರಂಥವನ್ನು ಗುರುತಿಸುವುದು ಹೇಗೆ

ಮೊದಲು ಒಂದೇ ಒಂದು ಚಿತ್ರ ಆರಿಸಿಕೊಳ್ಳಿ. ಹತ್ತೊಂಬತ್ತನೇ ಶತಮಾನದ ಅಮೆರಿಕದ ನಿಸರ್ಗಚಿತ್ರಗಳನ್ನು ಸಾಲಾಗಿ ನೋಡುತ್ತ ಹೋದರೆ ಬೆಟ್ಟ, ನದಿ, ಸಂಜೆಗೆಂಪು ಎಲ್ಲ ಒಂದರೊಳಗೊಂದು ಬೆರೆತುಹೋಗುತ್ತವೆ. ಅವುಗಳ ಹಿಂದೆ ಬೈಬಲ್ಲಿನ ಯಾವ ಅಧ್ಯಾಯವಿದೆ, ಯಾವ ದಾರ್ಶನಿಕನ ಯಾವ ವಿಚಾರವಿದೆ ಎಂಬುದು ಕಾಣಬೇಕಾದರೆ ಒಂದರ ಮುಂದೆ ಗಟ್ಟಿಯಾಗಿ ಕೂರಬೇಕು.

ಮೊದಲ ಸಲಕ್ಕೆ ಅಮೆರಿಕದ ಚಿತ್ರಕಾರ ಥಾಮಸ್ ಕೋಲ್ 1836ರಲ್ಲಿ ಬರೆದ ‘ಆಕ್ಸ್‌ಬೋ’ ಒಳ್ಳೆಯ ಆಯ್ಕೆ. ಮ್ಯಾಸಚೂಸೆಟ್ಸ್‌ನ ಹೋಲಿಯೋಕ್ ಬೆಟ್ಟದ ಮೇಲಿಂದ, ಗುಡುಗುಮಳೆ ಸರಿದುಹೋಗುತ್ತಿರುವಾಗ ಕಂಡ ಕನೆಕ್ಟಿಕಟ್ ನದಿಯ ತಿರುವು ಅದು. ಅದೇ ವರ್ಷದ ಜನವರಿಯಲ್ಲಿ ಕೋಲ್ ಅಮೆರಿಕದ ನಿಸರ್ಗದ ಬಗ್ಗೆ ಒಂದು ಪ್ರಬಂಧವನ್ನೂ ಪ್ರಕಟಿಸಿದ್ದ. ಹಾಗಾಗಿ ಚಿತ್ರದ ಬಗ್ಗೆ ಊಹಿಸಿದ್ದನ್ನು ಅವನದೇ ಮಾತಿನ ಪಕ್ಕದಲ್ಲಿಟ್ಟು ನೋಡಬಹುದು. ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಆ ಮ್ಯೂಸಿಯಂ 2017ರಿಂದ ಹಕ್ಕುಸ್ವಾಮ್ಯ ಮುಗಿದ ಕೃತಿಗಳ ದೊಡ್ಡ ಅಳತೆಯ ಪ್ರತಿಗಳನ್ನು ಉಚಿತವಾಗಿ ಕೊಡುತ್ತಿದೆ.

ಬೇಕಾದ ಸಾಮಾನು ಕಡಿಮೆ: ಲ್ಯಾಪ್‌ಟಾಪ್ ಅಥವಾ ಅದಕ್ಕಿಂತ ದೊಡ್ಡ ಪರದೆ, ಅಳತೆಪಟ್ಟಿ, ಗೋಡೆಗೆ ಅಂಟಿಸಲು ಕಾಗದದ ಟೇಪು, ಒಂದು ನೋಟ್‌ಬುಕ್, ಒಂದು ಕನ್ನಡ ಬೈಬಲ್. ಮೊಬೈಲಿನಲ್ಲಿ ಈ ಕೆಲಸ ಆಗುವುದಿಲ್ಲ. ಯಾಕೆಂದು ತಿಳಿಯಬೇಕಾದರೆ ಚಿತ್ರದ ನಿಜ ಅಳತೆಯನ್ನು, ಅಂದರೆ 130.8 ಸೆಂಟಿಮೀಟರ್ ಎತ್ತರ, 193 ಸೆಂಟಿಮೀಟರ್ ಅಗಲವನ್ನು, ಗೋಡೆಯ ಮೇಲೆ ಟೇಪಿನಿಂದ ಗುರುತು ಮಾಡಿ. ಆ ಚೌಕಟ್ಟಿನ ಮುಂದೆ ನಿಂತಾಗ ಬಿರುಗಾಳಿಯ ಮೋಡ ನಿಮ್ಮ ತಲೆಗಿಂತ ದೊಡ್ಡದು. ಚಿತ್ರಕಾರ ಎಣಿಸಿದ್ದ ಪರಿಣಾಮದ ಒಂದು ಪಾಲು ಆ ಗಾತ್ರದಲ್ಲೇ ಇದೆ.

ಓದುವ ಮೊದಲು ನೋಡಿ

ನೋಟ್‌ಬುಕ್ಕಿನ ಪುಟಕ್ಕೆ ನಡುವೆ ಗೆರೆ ಎಳೆಯಿರಿ. ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಅನಿಸಿದ್ದು’. ಇಪ್ಪತ್ತು ನಿಮಿಷ ಚಿತ್ರ ನೋಡಿ, ಮೊದಲ ಹತ್ತು ನಿಮಿಷ ಎಡಗಡೆಯ ಅಂಕಣವನ್ನಷ್ಟೇ ತುಂಬಿಸಿ. ಮುರಿದ ಮರ, ಗದ್ದೆಯ ಗಡಿ, ಹೊಗೆ, ದೋಣಿ, ಮನುಷ್ಯ, ಪ್ರಾಣಿ, ಎಲ್ಲ ಬರಲಿ. ‘ದೈವಿಕ’, ‘ಪ್ರಶಾಂತ’ ಮುಂತಾದ ಪದಗಳು ಬಲಗಡೆಗೆ ಸೇರಿದವು. ಈ ಎರಡನ್ನು ಬೆರೆಸಿದಲ್ಲೇ ಮುಂದಿನ ಬಹುಪಾಲು ತಪ್ಪುಗಳು ಹುಟ್ಟುತ್ತವೆ.

ಆಮೇಲೆ ದಿಗಂತ ರೇಖೆ ಎಷ್ಟು ಎತ್ತರದಲ್ಲಿದೆ ಎಂದು ಅಳತೆಪಟ್ಟಿಯಿಂದ ನೋಡಿ, ಆಕಾಶಕ್ಕೆ ಎಷ್ಟು ಪಾಲು ಸಿಕ್ಕಿದೆ ಎಂದು ಬರೆದುಕೊಳ್ಳಿ. ಬೆಳಕು ಯಾವ ಕಡೆಯಿಂದ ಬರುತ್ತದೆ, ಮನುಷ್ಯರು ಎಷ್ಟು ಚಿಕ್ಕವರು, ಮುನ್ನೆಲೆಯಲ್ಲಿ ನಿಮಗೆ ಕಾಲಿಡಲು ಜಾಗವಿದೆಯೇ ಎಂದು ಗಮನಿಸಿ. ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಿ ಇನ್ನೊಮ್ಮೆ ನೋಡಿ. ಬಣ್ಣ ಹೋದಾಗ ಕತ್ತಲು ಬೆಳಕಿನ ಹಂಚಿಕೆ ಬರಿಯ ಕಣ್ಣಿಗೆ ಸಿಗುತ್ತದೆ.

‘ಆಕ್ಸ್‌ಬೋ’ದಲ್ಲಿ ಎಡಗಡೆ ಬಿರುಗಾಳಿ, ಕಾಡು, ಸಿಡಿಲು ಬಡಿದಂತಹ ಮರ. ಬಲಗಡೆ ಬಿಸಿಲು, ಉತ್ತ ಹೊಲ, ಬಿಲ್ಲಿನಂತೆ ಬಾಗಿದ ನದಿ. ಕೆಳಗೆ ಬಂಡೆಗಳ ನಡುವೆ ಟೋಪಿ ಹಾಕಿದ ಒಬ್ಬ ಚಿತ್ರಕಾರ ಕುಳಿತಿದ್ದಾನೆ, ತಿರುಗಿ ನಮ್ಮನ್ನೇ ನೋಡುತ್ತಿದ್ದಾನೆ. ಅವನೇ ಕೋಲ್. ಮೊದಲ ಸಲ ನೋಡುವವರು ಅವನನ್ನು ಕಾಣದೆ ದಾಟಿಹೋಗುವುದೇ ಹೆಚ್ಚು.

ತಾರೀಖಿನ ಜರಡಿ

ಈಗ ಗ್ರಂಥಗಳ ಕಡೆ ಬನ್ನಿ. ‘ಅಮೆರಿಕ, ನಿಸರ್ಗ, ದರ್ಶನ’ ಎಂದ ಕೂಡಲೇ ಎಲ್ಲರ ಬಾಯಿಗೂ ಬರುವ ಹೆಸರು ಅಮೆರಿಕದ ದಾರ್ಶನಿಕ ಲೇಖಕ ಎಮರ್ಸನ್. ಅವನ ‘ನೇಚರ್’ ಎಂಬ ಸಣ್ಣ ಪುಸ್ತಕ ಹೊರಬಂದದ್ದು 1836ರ ಸೆಪ್ಟೆಂಬರ್‌ನಲ್ಲಿ. ‘ಆಕ್ಸ್‌ಬೋ’ ಅದೇ ವರ್ಷದ ವಸಂತದಲ್ಲೇ ನ್ಯೂಯಾರ್ಕಿನ ನ್ಯಾಷನಲ್ ಅಕಾಡೆಮಿ ಆಫ್ ಡಿಸೈನ್‌ನಲ್ಲಿ ಪ್ರದರ್ಶನಗೊಂಡಿತ್ತು. ಅಂದಮೇಲೆ ಆ ಪುಸ್ತಕ ಈ ಚಿತ್ರಕ್ಕೆ ಪ್ರೇರಣೆಯಾಗಲು ಸಾಧ್ಯವೇ ಇಲ್ಲ. ಎರಡಕ್ಕೂ ಹೋಲಿಕೆ ಕಂಡರೆ ಅದು ಆ ಕಾಲದ ಹವೆಯಲ್ಲಿದ್ದ ವಿಚಾರ.

ಇಂಥ ಜರಡಿಗೆ ಹತ್ತು ತಾರೀಖು ನೆನಪಿಟ್ಟರೆ ಸಾಕು. ಭವ್ಯ ಮತ್ತು ಸುಂದರದ ಬಗ್ಗೆ ಎಡ್ಮಂಡ್ ಬರ್ಕ್ ಬರೆದದ್ದು 1757. ಸ್ವೀಡನ್ನಿನ ಅನುಭಾವಿ ಸ್ವೀಡನ್‌ಬೋರ್ಗ್‌ನ ಸ್ವರ್ಗ ನರಕಗಳ ಗ್ರಂಥ 1758. ಅಭಿರುಚಿಯ ಬಗ್ಗೆ ಆರ್ಚಿಬಾಲ್ಡ್ ಅಲಿಸನ್ 1790. ಗಡಿಯಾರ ಕಂಡರೆ ಗಡಿಯಾರ ಮಾಡಿದವನಿದ್ದಾನೆ ಎಂಬ ವಿಲಿಯಂ ಪೇಲಿಯ ವಾದ 1802. ಬ್ರಯಂಟ್‌ನ ‘ಥನಾಟಾಪ್ಸಿಸ್’ ಕವಿತೆ 1817. ಎಮರ್ಸನ್ 1836. ಇಂಗ್ಲೆಂಡಿನ ಕಲಾವಿಮರ್ಶಕ ರಸ್ಕಿನ್‌ನ ‘ಮಾಡರ್ನ್ ಪೇಂಟರ್ಸ್’ ಮೊದಲ ಸಂಪುಟ 1843. ಜರ್ಮನಿಯ ನಿಸರ್ಗವಿಜ್ಞಾನಿ ಹುಂಬೋಲ್ಟ್‌ನ ‘ಕಾಸ್ಮೋಸ್’ 1845ರಿಂದ. ಚಿತ್ರಕಾರ ಡ್ಯುರಾಂಡ್‌ನ ಪತ್ರಗಳು 1855. ಡಾರ್ವಿನ್ 1859ರ ನವೆಂಬರ್.

ಈ ಜರಡಿಯಲ್ಲಿ ತಪ್ಪಿಸಿಕೊಳ್ಳುವ ಒಂದು ಮೀನಿದೆ. ಹದಿನೆಂಟನೇ ಶತಮಾನದ ದೈವಶಾಸ್ತ್ರಜ್ಞ ಜೊನಾಥನ್ ಎಡ್ವರ್ಡ್ಸ್ ನಿಸರ್ಗದ ವಸ್ತುಗಳನ್ನು ದೈವೀ ಸಂಗತಿಗಳ ನೆರಳು ಎಂದು ಟಿಪ್ಪಣಿ ಮಾಡಿದ್ದ. ಕಾಲದ ದೃಷ್ಟಿಯಿಂದ ಎಲ್ಲ ಚಿತ್ರಕಾರರಿಗೂ ಅವನು ಹಿಂದಿನವನು, ವಿಚಾರವೂ ಸರಿಯಾಗಿ ಹೊಂದುತ್ತದೆ. ಆದರೆ ಆ ಟಿಪ್ಪಣಿಗಳು ಹಸ್ತಪ್ರತಿಯಾಗೇ ಉಳಿದು ಮುದ್ರಣವಾದದ್ದು 1948ರಲ್ಲಿ. ಆದ್ದರಿಂದ ಬರೆದ ವರ್ಷವಷ್ಟೇ ಸಾಲದು, ಅಚ್ಚಾದ ವರ್ಷವನ್ನೂ ನೋಡಿ.

ಸಾಕ್ಷಿಯ ತೂಕ

ತಾರೀಖು ದಾಟಿದ ಗ್ರಂಥಗಳೆಲ್ಲ ಸಮಾನವಲ್ಲ. ಚಿತ್ರಕಾರ ತಾನೇ ಕೊಟ್ಟ ಶೀರ್ಷಿಕೆ, ಪ್ರದರ್ಶನದಲ್ಲಿ ಚಿತ್ರದ ಜೊತೆ ಅಚ್ಚುಮಾಡಿಸಿದ ಸಾಲು, ತಾನೇ ಬರೆದ ಪ್ರಬಂಧ, ಇವು ಅತ್ಯಂತ ಭಾರವಾದ ಸಾಕ್ಷಿ. ಅವನ ಪತ್ರ, ದಿನಚರಿ, ಗೆಳೆತನ, ಸೇರಿದ ಚರ್ಚು ಎರಡನೆಯದು. ಅವನ ಕಾಲದ ಎಲ್ಲರೂ ಓದುತ್ತಿದ್ದ ಪುಸ್ತಕ ಮೂರನೆಯದು. ನೂರು ವರ್ಷದ ನಂತರ ವಿಮರ್ಶಕರು ಕಂಡ ಹೋಲಿಕೆ ಕೊನೆಯದು. ಅದನ್ನೂ ಬಳಸಿ, ಆದರೆ ‘ವಿಮರ್ಶಕರು ಹೀಗೆ ಓದಿದ್ದಾರೆ’ ಎಂದೇ ಬರೆಯಿರಿ.

ಕೋಲ್‌ನ ಐದು ಚಿತ್ರಗಳ ‘ಕೋರ್ಸ್ ಆಫ್ ಎಂಪೈರ್’ ಮಾಲೆ ಮೊದಲ ದರ್ಜೆಯ ಸಾಕ್ಷಿಗೆ ಮಾದರಿ. ಅದರ ಹೆಸರು ಬಂದದ್ದು ದಾರ್ಶನಿಕ ಬಿಷಪ್ ಬರ್ಕ್ಲಿಯ ಕವಿತೆಯೊಂದರಿಂದ. ಸಾಮ್ರಾಜ್ಯದ ನಡೆ ಪಶ್ಚಿಮದತ್ತ ಎಂದು ಬರ್ಕ್ಲಿ ಅಮೆರಿಕದ ಬಗ್ಗೆ ಆಸೆಯಿಂದ ಹಾಡಿದ್ದ. ಕೋಲ್ ಆ ಪದವನ್ನು ಎತ್ತಿಕೊಂಡು ಅರ್ಥವನ್ನು ತಿರುಗಿಸಿದ: ಕಾಡು, ಗೋಪಾಲಕರ ನಾಡು, ವೈಭವ, ವಿನಾಶ, ಪಾಳು. ಪ್ರಭಾವ ಎಂದರೆ ಒಪ್ಪಿಗೆ ಎಂದು ತಿಳಿಯುವುದು ಎಷ್ಟು ತಪ್ಪು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಕೊನೆಯ ದರ್ಜೆಗೆ ಮಾದರಿ ‘ಆಕ್ಸ್‌ಬೋ’ದಲ್ಲೇ ಇದೆ. ದೂರದ ಗುಡ್ಡದ ಮೇಲೆ ಮರ ಕಡಿದ ಬೋಳು ಗೆರೆಗಳಿವೆ. ಅವು ಹೀಬ್ರೂ ಅಕ್ಷರಗಳಲ್ಲಿ ‘ನೋಹ’ ಎಂದು, ತಲೆಕೆಳಗಾಗಿ ನೋಡಿದರೆ ‘ಸರ್ವಶಕ್ತ’ ಎಂಬ ಅರ್ಥದ ‘ಶದ್ದಾಯ್’ ಎಂದು ಓದಬಹುದೆಂದು 1980ರ ದಶಕದ ಆರಂಭದಲ್ಲಿ ಇಬ್ಬರು ವಿದ್ವಾಂಸರು ಸೂಚಿಸಿದರು. ಪರದೆಯಲ್ಲಿ ಚಿತ್ರ ತಿರುಗಿಸಿ ನೀವೇ ನೋಡಿ. ಮಳೆ ನಿಂತ ಮೇಲಿನ ದೃಶ್ಯಕ್ಕೆ, ಬೈಬಲ್ಲಿನ ಜಲಪ್ರಳಯದಿಂದ ಪಾರಾದ ನೋಹನ ಹೆಸರು ಒಪ್ಪುತ್ತದೆ, ಓದು ಚುರುಕಾಗಿದೆ. ಆದರೆ ಅದರ ಮೇಲೆ ಇಡೀ ವ್ಯಾಖ್ಯಾನ ಕಟ್ಟುವುದು ಮರಳಿನ ಮೇಲೆ ಮನೆ ಕಟ್ಟಿದಂತೆ. ಆ ಬೋಳು ಗೆರೆಗಳು ಕಾಡು ಕಡಿದ ಗುರುತು ಎಂಬುದು ಮಾತ್ರ ಗಟ್ಟಿ, ಏಕೆಂದರೆ ಕೊಡಲಿಯ ಹಾವಳಿಯ ಬಗ್ಗೆ ಕೋಲ್ ತನ್ನ ಪ್ರಬಂಧದಲ್ಲಿ ನೇರವಾಗಿ ದುಃಖಿಸಿದ್ದಾನೆ.

ಏನನ್ನು, ಎಷ್ಟು ಓದಬೇಕು

ಇಡೀ ಗ್ರಂಥಗಳನ್ನು ಓದಲು ಹೊರಟರೆ ಚಿತ್ರಕ್ಕೆ ಮರಳುವುದೇ ಇಲ್ಲ. ಬೈಬಲ್ಲಿನಿಂದ ಆದಿಕಾಂಡದ ಮೂರು ಮತ್ತು ಒಂಬತ್ತನೇ ಅಧ್ಯಾಯ, ಕೀರ್ತನೆ 19 ಮತ್ತು 23, ಯೆಶಾಯನ ಹನ್ನೊಂದನೇ ಅಧ್ಯಾಯ, ಪ್ರಕಟನೆಯ ಇಪ್ಪತ್ತೊಂದನೇ ಅಧ್ಯಾಯ. ಕನ್ನಡದಲ್ಲಿ ಇದು ಒಂದು ಗಂಟೆಯೊಳಗಿನ ಓದು. ಚಿತ್ರ ನೋಡಿದ ಅಂದಿನ ಅಮೆರಿಕನ್ನರಿಗೆ ಈ ಭಾಗಗಳು ಬಾಯಿಪಾಠವಾಗಿದ್ದವು. ಕಮಾನು, ತೋಟ, ಕುರಿ, ಕಣಿವೆ ಕಂಡಾಗ ವಚನ ತಾನಾಗಿ ನೆನಪಾಗುತ್ತಿತ್ತು. ನಮಗೆ ಆ ನೆನಪು ಇಲ್ಲದಿದ್ದರೆ ಅರ್ಧ ಚಿತ್ರ ಮೂಕವಾಗುತ್ತದೆ.

ಬರ್ಕ್‌ನ ಗ್ರಂಥದ ಎರಡನೇ ಭಾಗ ಸಾಕು. ಭಯ, ಅಸ್ಪಷ್ಟತೆ, ಶಕ್ತಿ, ವಿಸ್ತಾರ, ಅನಂತ ಎಂಬ ಪುಟ್ಟ ಪುಟ್ಟ ವಿಭಾಗಗಳಲ್ಲಿದೆ. ಕನ್ನಡ ವಿಮರ್ಶೆಯ ‘ಭವ್ಯ’ ಎಂಬ ಪದ ಇದಕ್ಕೆ ಹತ್ತಿರ, ಆದರೆ ಒಂದು ಎಚ್ಚರ ಬೇಕು. ನಮಗೆ ಭವ್ಯ ಎಂದರೆ ಬೆರಗು ಮುಂದೆ ಬರುತ್ತದೆ. ಬರ್ಕ್‌ನಲ್ಲಿ ಮೊದಲು ಬರುವುದು ಭಯ, ನಾವು ಸುರಕ್ಷಿತವಾಗಿ ದೂರದಲ್ಲಿ ನಿಂತು ಅನುಭವಿಸುವ ಭಯ. ‘ಆಕ್ಸ್‌ಬೋ’ದ ಎಡಭಾಗದ ಮೇಲೆ ಆ ಪಟ್ಟಿಯನ್ನು ಇಟ್ಟು ನೋಡಿದರೆ ಒಂದೊಂದೂ ಕೂರುತ್ತದೆ. ಬಲಭಾಗದ ನುಣುಪಾದ ತಿರುವು, ಮೆಲ್ಲಗೆ ಬದಲಾಗುವ ಬೆಳಕು ಅವನ ‘ಸುಂದರ’ಕ್ಕೆ ಸೇರಿದವು.

ಎಮರ್ಸನ್‌ನ ಪುಸ್ತಕದಲ್ಲಿ ಮೊದಲ ಅಧ್ಯಾಯ ಮತ್ತು ಭಾಷೆಯ ಬಗೆಗಿನ ಅಧ್ಯಾಯ ಓದಿ. ನಿಸರ್ಗದ ಪ್ರತಿ ಸಂಗತಿ ಒಂದು ಆತ್ಮಿಕ ಸಂಗತಿಯ ಸಂಕೇತ ಎಂಬ ವಾದ ಅಲ್ಲಿದೆ. ಕೋಲ್‌ನ ಪ್ರಬಂಧವನ್ನು ಮಾತ್ರ ಪೂರ್ತಿ ಓದಿ. ಬೆಟ್ಟ, ಸರೋವರ, ಜಲಪಾತ, ನದಿ, ಕಾಡು, ಆಕಾಶ ಎಂದು ಅವನು ಒಂದೊಂದನ್ನೇ ಎತ್ತಿಕೊಳ್ಳುತ್ತಾನೆ. ಕಾಡುತನವೇ ಅಮೆರಿಕದ ನಿಸರ್ಗದ ವಿಶಿಷ್ಟ ಗುಣ ಎನ್ನುತ್ತಾನೆ. ನಾವಿನ್ನೂ ಬೈಬಲ್ಲಿನ ಆದಿತೋಟವಾದ ಏದೆನ್ನಿನಲ್ಲೇ ಇದ್ದೇವೆ, ನಮ್ಮನ್ನು ಹೊರಗಿಟ್ಟ ಗೋಡೆ ನಮ್ಮ ಅಜ್ಞಾನ ಮತ್ತು ಮೂರ್ಖತನ ಎನ್ನುತ್ತಾನೆ. ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಪ್ರತ್ಯೇಕ ಬರೆದಿಡಿ.

ಗ್ರಂಥ ಚಿತ್ರದೊಳಗೆ ಬರುವ ಮೂರು ದಾರಿ

ಮೊದಲ ದಾರಿ ಕಥೆ. ಕೋಲ್ 1828ರಲ್ಲಿ ಬರೆದ ‘ಏದೆನ್ ತೋಟದಿಂದ ಹೊರದಬ್ಬಿದ್ದು’ ಈಗ ಬಾಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಂನಲ್ಲಿದೆ. ಆದಿಕಾಂಡ 3:24ರಲ್ಲಿ ಕೆರೂಬಿಯರೆಂಬ ದೇವದೂತರೂ ಉರಿಯುವ ಕತ್ತಿಯೂ ಬರುತ್ತವೆ. ಚಿತ್ರದಲ್ಲಿ ದೇವದೂತನಿಲ್ಲ, ಕಲ್ಲಿನ ಬಾಗಿಲಿನಿಂದ ಚಾಚಿದ ಬೆಳಕಿನ ಕಿರಣಗಳು ಮಾತ್ರ. ಆದಾಮ ಹವ್ವರು ಇರುವೆಯಷ್ಟು ಚಿಕ್ಕವರು. ವಚನ ಹೇಳಿದ್ದರಲ್ಲಿ ಚಿತ್ರಕಾರ ಏನನ್ನು ಬಿಟ್ಟ ಎಂದು ಪಟ್ಟಿ ಮಾಡಿ. ಬಿಟ್ಟದ್ದರಲ್ಲೇ ಅವನ ದೈವಶಾಸ್ತ್ರ ಇರುತ್ತದೆ. ಇಲ್ಲಿ ಶಿಕ್ಷೆಯನ್ನು ಹೇಳುವ ಕೆಲಸ ದೇವದೂತನ ಕೈಯಿಂದ ಬೆಟ್ಟ, ಬಿರುಗಾಳಿ, ಬೆಳಕಿನ ಕೈಗೆ ಬಂದಿದೆ.

ಈಗ ಆ ಚಿತ್ರವನ್ನು ‘ಆಕ್ಸ್‌ಬೋ’ದ ಪಕ್ಕದಲ್ಲಿಡಿ. ಎರಡರಲ್ಲೂ ಎಡ ಕತ್ತಲು, ಬಲ ಬೆಳಕು. 1828ರಲ್ಲಿ ಬಲಗಡೆ ಇದ್ದದ್ದು ಮನುಷ್ಯ ಮುಟ್ಟದ ಏದೆನ್. 1836ರಲ್ಲಿ ಅದೇ ಜಾಗದಲ್ಲಿ ಉತ್ತ ಹೊಲಗಳಿವೆ. ಹಾಗಾದರೆ ರೈತನ ಹೊಲವೇ ಏದೆನ್ನೇ? ಅಥವಾ ಕೊಡಲಿ ಹಿಡಿದು ನಾವೇ ಗೋಡೆ ಕಟ್ಟುತ್ತಿದ್ದೇವೆಯೇ? ಬಂಡೆಯ ಮೇಲೆ ಕುಳಿತ ಕೋಲ್ ತಿರುಗಿ ನೋಡುವುದು ಈ ಪ್ರಶ್ನೆಯನ್ನು ಹಿಡಿದುಕೊಂಡೇ ಎಂದು ಓದಲು ಅವನ ಪ್ರಬಂಧ ಗಟ್ಟಿ ಆಧಾರ ಕೊಡುತ್ತದೆ.

ಎರಡನೇ ದಾರಿ ಚಿಹ್ನೆ. ಶಿಲುಬೆ, ಕಾಮನಬಿಲ್ಲು, ಮುರಿದ ಮರ, ಮೋಟು. ಚಿತ್ರಕಾರ ಫ್ರೆಡರಿಕ್ ಚರ್ಚ್ 1859ರಲ್ಲಿ ಬರೆದ ‘ಹಾರ್ಟ್ ಆಫ್ ದಿ ಆಂಡೀಸ್’ ಸುಮಾರು 168 ಸೆಂಟಿಮೀಟರ್ ಎತ್ತರ, 303 ಸೆಂಟಿಮೀಟರ್ ಅಗಲ. ಅಂದಿನ ಪ್ರೇಕ್ಷಕರು 25 ಸೆಂಟ್ ಕೊಟ್ಟು, ನಾಟಕ ನೋಡುವ ದುರ್ಬೀನು ಹಿಡಿದು ಅದರ ಮೂಲೆ ಮೂಲೆ ನೋಡಿದರು. ನೀವೂ ಕಾಗದವನ್ನು ಕೊಳವೆಯಂತೆ ಸುತ್ತಿ ಪರದೆಯ ಮೇಲೆ ಹಾಗೇ ನೋಡಿ. ಎಡಗಡೆ ಶಿಲುಬೆಯ ಮುಂದೆ ಇಬ್ಬರು ಸಿಗುತ್ತಾರೆ. ಹಿಂದೆ ಹಿಮದ ಬೆಟ್ಟ, ಮುಂದೆ ಎಲೆ ಎಲೆಯಾಗಿ ಬರೆದ ಉಷ್ಣವಲಯದ ಗಿಡಗಳು. ಒಂದೇ ನೋಟದಲ್ಲಿ ಹಲವು ಹವಾಮಾನಗಳನ್ನು ಸೇರಿಸುವುದು ಹುಂಬೋಲ್ಟ್‌ನ ಪಾಠ. ಚರ್ಚ್ 1853 ಮತ್ತು 1857ರಲ್ಲಿ ದಕ್ಷಿಣ ಅಮೆರಿಕಕ್ಕೆ ಹೋದದ್ದು ಅವನ ಹೆಜ್ಜೆ ಹಿಡಿದೇ. ಚಿತ್ರವನ್ನು ಬರ್ಲಿನ್ನಿಗೆ ಕಳಿಸಿ ಹುಂಬೋಲ್ಟ್‌ಗೆ ತೋರಿಸುವ ಆಸೆಯಿತ್ತು, ಆದರೆ ಅವನು 1859ರ ಮೇ ತಿಂಗಳಲ್ಲಿ ತೀರಿಕೊಂಡ. ಅದೇ ನವೆಂಬರ್‌ನಲ್ಲಿ ಡಾರ್ವಿನ್‌ನ ಪುಸ್ತಕ ಬಂತು. ನಿಸರ್ಗದ ಇಡೀ ವಿಸ್ತಾರವನ್ನು ಒಂದು ಸಾಮರಸ್ಯವೆಂದು ಕಂಡ ಚಿತ್ರ ಇದು. ಇದರಲ್ಲಿ ಡಾರ್ವಿನ್‌ನಿಗೆ ಉತ್ತರ ಹುಡುಕಬೇಡಿ, ತಾರೀಖು ಒಪ್ಪುವುದಿಲ್ಲ.

ಕಾಮನಬಿಲ್ಲು ಕಂಡಾಗ ಆದಿಕಾಂಡ 9ಕ್ಕೆ ಹೋಗಿ, ಆದರೆ ಅಲ್ಲೇ ನಿಲ್ಲಬೇಡಿ. ಚರ್ಚ್ 1866ರಲ್ಲಿ ಉಷ್ಣವಲಯದ ಮಳೆಗಾಲದ ಮೇಲೆ ಜೋಡಿ ಬಿಲ್ಲು ಬರೆದ. ಅಂತರ್ಯುದ್ಧ ಹಿಂದಿನ ವರ್ಷ ಮುಗಿದಿತ್ತು. ಅದೇ 1865ರ ಮಾರ್ಚ್‌ನಲ್ಲಿ ಅವನ ಇಬ್ಬರು ಎಳೆಯ ಮಕ್ಕಳು ಡಿಫ್ತೀರಿಯಾದಿಂದ ತೀರಿಹೋಗಿದ್ದರು. ವಚನ, ದೇಶ, ಮನೆ, ಮೂರೂ ಒಂದೇ ಬಿಲ್ಲಿನಲ್ಲಿವೆ. ಜೋಡಿ ಬಿಲ್ಲಿನಲ್ಲಿ ಹೊರಗಿನದರ ಬಣ್ಣಗಳ ಕ್ರಮ ತಿರುವುಮುರುವಾಗಿರಬೇಕು, ಎರಡರ ನಡುವಿನ ಆಕಾಶ ಕಪ್ಪಾಗಿರಬೇಕು. ಹಿಗ್ಗಿಸಿ ನೋಡಿ, ಚಿತ್ರಕಾರ ಎಷ್ಟು ಸೂಕ್ಷ್ಮವಾಗಿ ಬೆಳಕನ್ನು ಅಭ್ಯಾಸ ಮಾಡಿದ್ದ ಎಂಬುದರ ಅಂದಾಜು ಸಿಗುತ್ತದೆ.

ಮೂರನೇ ದಾರಿ ಕುಂಚದ ನಡೆ. ಇದೇ ಅತ್ಯಂತ ಆಳವಾದದ್ದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಆಶರ್ ಡ್ಯುರಾಂಡ್ 1855ರಲ್ಲಿ ‘ದಿ ಕ್ರೇಯಾನ್’ ಪತ್ರಿಕೆಗೆ ಒಂಬತ್ತು ಪತ್ರ ಬರೆದ. ಗುರುವನ್ನು ಹುಡುಕುವ ಮೊದಲು ಕಾಡಿಗೆ ಹೋಗಿ, ಬಣ್ಣಕ್ಕೆ ಮೊದಲು ಪೆನ್ಸಿಲ್ ಹಿಡಿಯಿರಿ, ಮರ ಮರಕ್ಕೂ ಇರುವ ವ್ಯತ್ಯಾಸ ಕಲಿಯಿರಿ ಎಂಬುದು ಅವನ ಉಪದೇಶ. ನಿಸರ್ಗ ದೇವರ ಕೈಕೆಲಸವಾದರೆ ತೊಗಟೆಯ ಬಿರುಕನ್ನು ಮನಸ್ಸಿಗೆ ಬಂದಂತೆ ಬದಲಿಸುವುದು ಅಪಚಾರ. ಅದೇ ವರ್ಷದ ಅವನ ‘ಇನ್ ದಿ ವುಡ್ಸ್’ ಚಿತ್ರದ ಪಾಚಿ, ಬೇರು, ಬಿದ್ದ ದಿಮ್ಮಿಗಳನ್ನು ಹಿಗ್ಗಿಸಿ ನೋಡಿ. ಅಲ್ಲಿ ಶಿಲುಬೆ ಬೇಕಾಗಿಲ್ಲ, ಭಕ್ತಿ ಕುಂಚದ ತಾಳ್ಮೆಯಲ್ಲೇ ಇದೆ. ಕಾಡೇ ದೇವರ ಮೊದಲ ಗುಡಿ ಎಂದು ಗೆಳೆಯ ಬ್ರಯಂಟ್ 1825ರಲ್ಲೇ ಹಾಡಿದ್ದ. ಇಲ್ಲಿ ಮರಗಳ ಕಮಾನು ಆ ಮಾತಿಗೆ ಹೊಂದುತ್ತದೆ.

ಚಿತ್ರಕಾರ ಜಾರ್ಜ್ ಇನ್ನೆಸ್ ಇದಕ್ಕೆ ಸರಿ ಎದುರು. 1860ರ ದಶಕದಲ್ಲಿ ನ್ಯೂಜೆರ್ಸಿಯ ಈಗಲ್ಸ್‌ವುಡ್‌ನಲ್ಲಿದ್ದಾಗ ಚಿತ್ರಕಾರ ವಿಲಿಯಂ ಪೇಜ್ ಮೂಲಕ ಅವನಿಗೆ ಸ್ವೀಡನ್‌ಬೋರ್ಗ್ ಪರಿಚಯವಾಯಿತು. ಕಣ್ಣಿಗೆ ಕಾಣುವ ಪ್ರತಿಯೊಂದಕ್ಕೂ ಆತ್ಮಲೋಕದಲ್ಲಿ ಪ್ರತಿರೂಪವಿದೆ ಎಂಬ ತತ್ವ ಸ್ವೀಡನ್‌ಬೋರ್ಗ್‌ನದು. 1867ರಲ್ಲಿ ಇನ್ನೆಸ್ ಬಣ್ಣಗಳ ಪ್ರತಿರೂಪದ ಬಗ್ಗೆ ಒಂದು ಲೇಖನ ಬರೆದ. ಅದೇ ವರ್ಷ ಕೀರ್ತನೆ 23ರ ಕಾರ್ಗತ್ತಲ ಕಣಿವೆಯನ್ನು ನೇರವಾಗಿ ಚಿತ್ರಿಸಿದ. ಆಗ ಚಿಹ್ನೆಗಳು ಎದ್ದು ಕಾಣುತ್ತಿದ್ದವು. 1893ರ ‘ಹೋಮ್ ಆಫ್ ದಿ ಹೆರನ್’ಗೆ ಬರುವಷ್ಟರಲ್ಲಿ ಅವೆಲ್ಲ ಕರಗಿವೆ. ಮರದ ಅಂಚು ಎಲ್ಲಿ ಮುಗಿದು ಗಾಳಿ ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗದು. ಪರದೆಯ ಮೇಲೆ ಅಂಚುಗಳನ್ನು ಬೆರಳಿನಿಂದ ಹಿಂಬಾಲಿಸಿ. ಡ್ಯುರಾಂಡ್‌ನಲ್ಲಿ ಬೆರಳು ನಿಲ್ಲುತ್ತದೆ, ಇನ್ನೆಸ್‌ನಲ್ಲಿ ಜಾರಿಹೋಗುತ್ತದೆ. ಒಬ್ಬನಿಗೆ ವಸ್ತುವೇ ದೇವರ ಬರಹ, ಇನ್ನೊಬ್ಬನಿಗೆ ವಸ್ತು ತೆಳುವಾದ ಪರದೆ.

ಎಲ್ಲಿ ಎಡವುತ್ತಾರೆ

ಭಾರತದ ಓದುಗರು ಎಡವುವ ಒಂದು ಜಾಗವಿದೆ. ನೀರು ನಿಶ್ಚಲವಾಗಿರುವ, ಕುಂಚದ ಗುರುತೇ ಇಲ್ಲದ ಕೆನ್ಸೆಟ್ ಮತ್ತು ಫಿಟ್ಜ್ ಹೆನ್ರಿ ಲೇನ್‌ರ ಚಿತ್ರಗಳನ್ನು ಕಂಡ ಕೂಡಲೇ ಅದ್ವೈತ ಎನ್ನಬೇಕೆನಿಸುತ್ತದೆ. ಎಮರ್ಸನ್ 1845ರಲ್ಲಿ ಚಾರ್ಲ್ಸ್ ವಿಲ್ಕಿನ್ಸ್ ಅನುವಾದದ ಭಗವದ್ಗೀತೆ ಓದಿದ್ದು ನಿಜ. ಎಮರ್ಸನ್‌ನ ಗೆಳೆಯ, ಲೇಖಕ ಥೋರೋ ವಾಲ್ಡನ್ ಕೊಳದ ನೀರನ್ನು ಗಂಗೆಯೊಂದಿಗೆ ಬೆರೆಸಿ ಬರೆದದ್ದೂ ನಿಜ. ಆದರೆ ಈ ದಾರಿ ಎಮರ್ಸನ್‌ನಿಂದ ಚಿತ್ರಕಾರನ ಕುಂಚದವರೆಗೆ ಬಂತೆಂದು ಹೇಳಲು ಆ ಚಿತ್ರಕಾರನದೇ ಕೈಬರಹದ ಸಾಕ್ಷಿ ಬೇಕು. ಈ ನಿಶ್ಚಲ ಚಿತ್ರಗಳಿಗೆ ‘ಲ್ಯೂಮಿನಿಸಂ’ ಎಂಬ ಹೆಸರು ಬಂದದ್ದೇ ಇಪ್ಪತ್ತನೇ ಶತಮಾನದ ನಡುವಿನಲ್ಲಿ, ಎಮರ್ಸನ್ ಜೊತೆ ಅವುಗಳನ್ನು ಜೋಡಿಸಿದ್ದು ನಂತರದ ವಿಮರ್ಶೆ. ಹೋಲಿಕೆ ಎಂದು ಬರೆಯಿರಿ, ಪ್ರಭಾವ ಎಂದು ಬರೆಯಬೇಡಿ.

ಎಲ್ಲವನ್ನೂ ಗ್ರಂಥಕ್ಕೆ ಕಟ್ಟುವುದೂ ತಪ್ಪು. ಚರ್ಚ್‌ನ 1860ರ ‘ಟ್ವೈಲೈಟ್ ಇನ್ ದಿ ವಿಲ್ಡರ್ನೆಸ್’ನ ಉರಿಗೆಂಪು ಆಕಾಶದಲ್ಲಿ ಪ್ರಕಟನೆಯನ್ನು ಓದುವ ಮೊದಲು, ಹೊಸದಾಗಿ ಬಂದಿದ್ದ ಕ್ಯಾಡ್ಮಿಯಂ ಬಣ್ಣಗಳನ್ನು ನೆನಪಿಡಿ. ಜಾನ್ ಗಾಫ್ ರ‍್ಯಾಂಡ್ 1841ರಲ್ಲಿ ತವರದ ಬಣ್ಣದ ಟ್ಯೂಬಿಗೆ ಪೇಟೆಂಟ್ ಪಡೆದ ಮೇಲೆ ತೈಲವರ್ಣವನ್ನು ಬೆಟ್ಟಕ್ಕೆ ಹೊತ್ತೊಯ್ಯುವುದು ಸುಲಭವಾಯಿತು. ಚಿತ್ರಗಳು ಚಿತ್ರಗಳಿಂದಲೂ ಹುಟ್ಟುತ್ತವೆ: ಏದೆನ್ ಚಿತ್ರವನ್ನು ಕೋಲ್ ಇಂಗ್ಲೆಂಡಿನ ಜಾನ್ ಮಾರ್ಟಿನ್ ಮಿಲ್ಟನ್‌ನ ‘ಪ್ಯಾರಡೈಸ್ ಲಾಸ್ಟ್’ ಕಾವ್ಯಕ್ಕೆ ಮಾಡಿದ ಚಿತ್ರಗಳಿಂದ ನಕಲು ಮಾಡಿದ ಎಂಬ ಆರೋಪ ಆಗಲೇ ಬಂದಿತ್ತು. ಮಾರ್ಟಿನ್‌ನ ಅಚ್ಚುಚಿತ್ರವನ್ನು ಪಕ್ಕದಲ್ಲಿಟ್ಟುಕೊಳ್ಳದೆ ಆದಿಕಾಂಡದಿಂದ ನೇರ ಕೋಲ್‌ಗೆ ಹಾರಬೇಡಿ.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ, ಏಕೆಂದರೆ ಅದು ಚಿತ್ರದಲ್ಲಿ ಇಲ್ಲದ್ದಕ್ಕೆ ಸೇರಿದ್ದು. ಏದೆನ್ ಎಂಬ ಮಾತು ಈ ನೆಲವನ್ನು ಯಾರೂ ಇಲ್ಲದ ಹೊಸ ತೋಟವಾಗಿಸಿತು. ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸುವ ಕಾಯ್ದೆಗೆ ಅಧ್ಯಕ್ಷ ಜಾಕ್ಸನ್ ಸಹಿ ಹಾಕಿದ್ದು 1830ರಲ್ಲಿ. ‘ಕಂಡದ್ದು’ ಅಂಕಣದ ಕೆಳಗೆ ‘ಇಲ್ಲದ್ದು’ ಎಂದು ಇನ್ನೊಂದು ಪಟ್ಟಿ ಮಾಡಿ, ಆ ನದಿದಂಡೆಯಲ್ಲಿ ಯಾರು ಬದುಕಿದ್ದರು ಎಂದು ಬರೆಯಿರಿ. ಗ್ರಂಥದ ಪ್ರಭಾವ ಅಳಿಸಿದ ಜಾಗದಲ್ಲೂ ಇರುತ್ತದೆ.

ಕಂಡುಕೊಂಡದ್ದನ್ನು ಬರೆಯುವಾಗ ಒಂದು ಚಿತ್ರಕ್ಕೆ ನೂರೈವತ್ತು ಪದ ಸಾಕು. ಪ್ರತಿ ವಾಕ್ಯದ ಕ್ರಿಯಾಪದ ಸಾಕ್ಷಿಯ ತೂಕಕ್ಕೆ ಹೊಂದಲಿ. ಕೋಲ್ ಬರೆದಿದ್ದರೆ ‘ಕೋಲ್ ಹೇಳುತ್ತಾನೆ’, ಪ್ರಬಂಧದ ಜೊತೆ ಚಿತ್ರ ಹೊಂದಿದರೆ ‘ಹೊಂದುತ್ತದೆ’, ವಿದ್ವಾಂಸರ ಊಹೆಯಾದರೆ ‘ಓದಬಹುದು’.

ಒಂದು ಚಿತ್ರ ಕೈಗೆ ಹತ್ತಿದ ಮೇಲೆ ‘ನ್ಯೂಯಾರ್ಕ್ ಹಿಸ್ಟಾರಿಕಲ್’ ಮ್ಯೂಸಿಯಂನಲ್ಲಿರುವ ‘ಕೋರ್ಸ್ ಆಫ್ ಎಂಪೈರ್’ನ ಐದೂ ಚಿತ್ರಗಳನ್ನು ಒಟ್ಟಿಗೆ ತೆರೆಯಿರಿ. ನ್ಯೂಜೆರ್ಸಿ, ನ್ಯೂಯಾರ್ಕ್ ಸುತ್ತಿನ ಕನ್ನಡಿಗರು ಹಡ್ಸನ್ ದಡದ ಕ್ಯಾಟ್‌ಸ್ಕಿಲ್‌ನಲ್ಲಿ ಕೋಲ್‌ನ ಮನೆಯನ್ನೂ, ನದಿಯ ಆಚೆ ದಡದಲ್ಲಿ ಚರ್ಚ್‌ನ ಮನೆ ‘ಒಲಾನಾ’ವನ್ನೂ ಒಂದೇ ದಿನ ನೋಡಬಹುದು. ಐದೂ ಚಿತ್ರಗಳಲ್ಲಿ ತುದಿಯ ಮೇಲೆ ಒಂಟಿ ಬಂಡೆ ಹೊತ್ತ ಒಂದು ಬೆಟ್ಟವಿದೆ. ನಗರ ಹುಟ್ಟಿ ಉರಿದು ಪಾಳಾದರೂ ಬಂಡೆ ಹಾಗೇ ಕುಳಿತಿರುತ್ತದೆ, ನೋಡುವ ಕೋನ ಮಾತ್ರ ಬದಲಾಗುತ್ತದೆ. ಒಂದೊಂದರಲ್ಲೂ ಅದನ್ನು ಹುಡುಕಿ ಗುರುತು ಹಾಕಿ. ಮೂರನೆಯದರಲ್ಲಿ, ವೈಭವದ ಅಮೃತಶಿಲೆಯ ನಡುವೆ, ಅದನ್ನು ಹುಡುಕಲು ಹೆಚ್ಚು ಹೊತ್ತು ಬೇಕಾಗುತ್ತದೆ.